ಮೈದಾನದಲ್ಲಿ ಮಗು ಕುಸಿದರೆ ಮೂರು ನಿಮಿಷದೊಳಗೆ ಎಇಡಿ: ಶಾಲೆಗಳಿಗೆ ಮತ್ತು ಕ್ರೀಡಾ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಜುಲೈ ಮುಗಿಯುತ್ತಿದ್ದಂತೆ ಮೈಸೂರು, ಮಂಡ್ಯ ಜಿಲ್ಲೆಗಳ ಶಾಲಾ ಮೈದಾನಗಳಲ್ಲಿ ಸುಣ್ಣದ ಗೆರೆಗಳು ಬೀಳುತ್ತವೆ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಕ್ರೀಡಾಕೂಟಗಳ ಸರಣಿ ಶುರುವಾಗುತ್ತದೆ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನಂಥ ಹಳ್ಳಿಯಿಂದ ಹೊರಟ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊ ಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಆಡಿದ ಮೇಲಂತೂ ಊರೂರಿನ ಮಕ್ಕಳಿಗೆ ಹುಮ್ಮಸ್ಸು ಹೆಚ್ಚಿದೆ. ಆದರೆ ಇಂಥ ಮೈದಾನದ ಅಂಚಿನಲ್ಲಿರುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ತೆರೆದು ನೋಡಿ. ಹತ್ತಿ, ಟಿಂಚರ್, ಬ್ಯಾಂಡೇಜು, ನೋವಿನ ಸ್ಪ್ರೇ, ಒಂದು ಡಬ್ಬ ಗ್ಲೂಕೋಸ್ ಇರುತ್ತವೆ. ಮಂಡಿ ತರಚಿದರೆ, ಕಾಲು ಉಳುಕಿದರೆ ಅಷ್ಟು ಸಾಕು. ಓಡುತ್ತಿದ್ದ ಮಗುವಿನ ಹೃದಯವೇ ನಿಂತರೆ ಆ ಪೆಟ್ಟಿಗೆಯಲ್ಲಿ ಏನೂ ಇಲ್ಲ.

ಅದಕ್ಕೆ ಬೇಕಾದದ್ದು ಎಇಡಿ. ಆಟೋಮೇಟೆಡ್ ಎಕ್ಸ್‌ಟರ್ನಲ್ ಡಿಫಿಬ್ರಿಲೇಟರ್ ಎಂಬ, ಎದೆಗೆ ವಿದ್ಯುತ್ ಶಾಕ್ ಕೊಟ್ಟು ಹೃದಯದ ಲಯವನ್ನು ಸರಿಪಡಿಸುವ, ಒಂದು ಊಟದ ಬುತ್ತಿಯ ಚೀಲದಷ್ಟೇ ದೊಡ್ಡದಾದ ಯಂತ್ರ ಅದು. ಅದನ್ನು ಬಳಸಲು ವೈದ್ಯರೇ ಆಗಬೇಕಿಲ್ಲ. ಒಂಬತ್ತನೇ ತರಗತಿಯ ಹುಡುಗಿಗೂ ಕಲಿಸಬಹುದು. ಈ ಮಾರ್ಗದರ್ಶಿ ಬರೆಯುತ್ತಿರುವುದು ಮುಖ್ಯ ಶಿಕ್ಷಕರಿಗೆ, ದೈಹಿಕ ಶಿಕ್ಷಕರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಿಗೆ, ಬೇಸಿಗೆ ಶಿಬಿರ ನಡೆಸುವ ತರಬೇತುದಾರರಿಗೆ ಮತ್ತು ಶಾಲೆಯನ್ನು ಒತ್ತಾಯಿಸಬೇಕಾದ ಹೆತ್ತವರಿಗೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ಕೊಂಡುಕೊಳ್ಳುವುದು ಈ ಕೆಲಸದ ಸುಲಭ ಭಾಗ. ಅದು ಮೂರು ನಿಮಿಷದೊಳಗೆ ಮಗುವಿನ ಎದೆಯ ಮೇಲೆ ಬರುವಂತೆ ಮಾಡುವುದೇ ನಿಜವಾದ ಕೆಲಸ.

ಹೃದಯ ನಿಲ್ಲುವುದು ಎಂದರೆ ಏನು

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ಸಿಗದಿರುವುದು ಹೃದಯಾಘಾತ. ಅಂಥವರು ಸಾಮಾನ್ಯವಾಗಿ ಎಚ್ಚರವಾಗಿರುತ್ತಾರೆ, ಎದೆನೋವು ಎನ್ನುತ್ತಾರೆ, ಆಸ್ಪತ್ರೆಗೆ ಕರೆದೊಯ್ಯಲು ಸಮಯ ಇರುತ್ತದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ ಇಂಥವರಿಗಾಗಿ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಒಳ್ಳೆಯ ಯೋಜನೆ ಅದು. ಆದರೆ ಮೈದಾನದಲ್ಲಿ ಕುಸಿದ ಮಗುವಿಗೆ ತಾಲ್ಲೂಕು ಆಸ್ಪತ್ರೆ ತಲುಪುವಷ್ಟು ಸಮಯ ಇರುವುದಿಲ್ಲ.

ಸ್ತಂಭನದಲ್ಲಿ ಆಗುವುದು ವಿದ್ಯುತ್ತಿನ ಗೊಂದಲ. ಹೃದಯದ ಕೆಳಕೋಣೆಗಳು ಲಯ ತಪ್ಪಿ ಬರೀ ಅದುರುತ್ತವೆ, ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕರಿಂದ ಆರು ನಿಮಿಷದಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಯಾರೂ ಏನೂ ಮಾಡದಿದ್ದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಮೂರರಿಂದ ಐದು ನಿಮಿಷದೊಳಗೆ ಶಾಕ್ ಸಿಕ್ಕಿದರೆ ಶೇಕಡಾ 50ರಿಂದ 70ರಷ್ಟು ಜನ ಉಳಿದುಕೊಳ್ಳಬಹುದು. 108ಕ್ಕೆ ಕರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳವಳ್ಳಿಯ ಒಳಗಿನ ಹಳ್ಳಿಗೋ ಸರಗೂರಿನ ಕಾಡಂಚಿನ ಶಾಲೆಗೋ ಮೂರು ನಿಮಿಷದಲ್ಲಿ ಆಂಬುಲೆನ್ಸ್ ಬರಲು ಸಾಧ್ಯವೇ? ಮೈಸೂರು ನಗರದ ಸಂಜೆಯ ವಾಹನ ದಟ್ಟಣೆಯಲ್ಲೂ ಅದು ಕಷ್ಟ.

ಆರೋಗ್ಯವಾಗಿ ಆಡುವ ಮಕ್ಕಳಿಗೆ ಹೀಗೇಕಾಗುತ್ತದೆ? ಹುಟ್ಟಿನಿಂದಲೇ ಹೃದಯದ ಗೋಡೆ ದಪ್ಪವಾಗಿರುವುದು, ಲಾಂಗ್ ಕ್ಯೂಟಿಯಂಥ ವಿದ್ಯುತ್ ದೋಷಗಳು, ಹೃದಯದ ರಕ್ತನಾಳ ತಪ್ಪು ಜಾಗದಿಂದ ಹೊರಟಿರುವುದು, ವೈರಸ್ ಜ್ವರದ ನಂತರ ಹೃದಯದ ಸ್ನಾಯುವಿಗೆ ಉರಿಯೂತ ಬರುವುದು, ಇವು ಮುಖ್ಯ ಕಾರಣಗಳು. ಇನ್ನೊಂದು ಕಾರಣ ಕ್ರಿಕೆಟ್ ಆಡಿಸುವ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಹೃದಯ ಪೂರ್ಣ ಆರೋಗ್ಯವಾಗಿದ್ದರೂ, ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಎದೆಯ ಮೇಲೆ ಚೆಂಡಿನ ಪೆಟ್ಟು ಬಿದ್ದರೆ ಲಯ ತಪ್ಪಬಹುದು. ಆ ಕ್ಷಣ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮಾತ್ರ. ಎದೆಗೂಡು ಇನ್ನೂ ಮೆತ್ತಗಿರುವ ಹುಡುಗರಲ್ಲಿ ಇದು ಹೆಚ್ಚು. ಪೆಟ್ಟು ಬಿದ್ದ ಹುಡುಗ ಎರಡು ಹೆಜ್ಜೆ ನಡೆದು ಕುಸಿದರೆ ಉಸಿರು ಸಿಕ್ಕಿಕೊಂಡಿದೆ ಎಂದುಕೊಂಡು ಕಾಯಬಾರದು.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೋ ಪಂದ್ಯ ಆಡುತ್ತಿದ್ದ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಕುಸಿದರು. ಮೈದಾನದಲ್ಲೇ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವ ಕ್ರಮ) ಮತ್ತು ಶಾಕ್ ಸಿಕ್ಕಿತು. ಮರು ವರ್ಷವೇ ಅವರು ಮತ್ತೆ ಆಟಕ್ಕಿಳಿದರು. 2004ರ ಡಿಸೆಂಬರ್ 5ರಂದು ನಮ್ಮದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ಆಡುತ್ತಿದ್ದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದರು, ಮತ್ತೆ ಏಳಲಿಲ್ಲ.

ಹಂತ 1: ಮೊದಲು ದೂರ ಅಳೆಯಿರಿ

ಯಂತ್ರದ ಬೆಲೆ ವಿಚಾರಿಸುವ ಮೊದಲು ಒಂದು ಸ್ಟಾಪ್‌ವಾಚ್ ಹಿಡಿದು ಶಾಲೆಯ ಆವರಣ ಸುತ್ತಿ. ಯಂತ್ರ ಇಡಬಹುದೆಂದು ನಿಮಗೆ ಅನ್ನಿಸಿದ ಜಾಗದಿಂದ ಮಕ್ಕಳು ಆಡುವ ಅತ್ಯಂತ ದೂರದ ಮೂಲೆಗೆ ಒಬ್ಬ ವಿದ್ಯಾರ್ಥಿಯನ್ನು ಓಡಿಸಿ. ಲೆಕ್ಕ ಹಿಡಿಯಬೇಕಾದದ್ದು ಹೋಗಿ ಬರುವ ಎರಡೂ ಓಟವನ್ನು, ಏಕೆಂದರೆ ಮಗು ಬಿದ್ದ ಜಾಗದಿಂದ ಯಾರೋ ಓಡಿ ಬಂದು ಯಂತ್ರ ಎತ್ತಿಕೊಂಡು ವಾಪಸಾಗಬೇಕು. ಎರಡೂ ಸೇರಿ ಎರಡು ನಿಮಿಷ ಮೀರಬಾರದು. ಉಳಿದ ಒಂದು ನಿಮಿಷ ಹೃದಯ ನಿಂತಿದೆ ಎಂದು ಗುರುತಿಸಲು, ಅಂಗಿ ಕತ್ತರಿಸಲು, ಶಾಕ್ ಹಾಯಿಸುವ ಪ್ಯಾಡ್‌ಗಳನ್ನು ಮೈಗೆ ಅಂಟಿಸಲು ಬೇಕು.

ಹೀಗೆ ಅಳೆದಾಗ ಎಷ್ಟೋ ಸಂಗತಿಗಳು ಹೊರಬೀಳುತ್ತವೆ. ಆಟದ ಮೈದಾನ ರಸ್ತೆಯಾಚೆ ಇರುತ್ತದೆ. ನಡುವಿನ ಗೇಟಿಗೆ ಬೀಗ ಇರುತ್ತದೆ. ಕಬಡ್ಡಿ ಅಭ್ಯಾಸ ಬೆಳಗ್ಗೆ ಆರಕ್ಕೆ, ಕಚೇರಿ ತೆರೆಯುವುದು ಒಂಬತ್ತೂವರೆಗೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮಗೆ ಒಂದು ಯಂತ್ರ ಸಾಕೋ ಎರಡು ಬೇಕೋ ಎಂದು ಹೇಳುವುದು ಈ ಹಾಳೆ, ಮಾರುವವರ ಪ್ರತಿನಿಧಿ ಅಲ್ಲ.

ಹಂತ 2: ಯಂತ್ರದ ಆಯ್ಕೆ

ಭಾರತದ ಮಾರುಕಟ್ಟೆಯಲ್ಲಿ ಒಳ್ಳೆಯ ಎಇಡಿಗೆ ಸುಮಾರು 80,000 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಬೆಲೆ ಇರುತ್ತದೆ. ಪೂರ್ಣ ಸ್ವಯಂಚಾಲಿತ ಯಂತ್ರ ತಾನೇ ಶಾಕ್ ಕೊಡುತ್ತದೆ, ಅರೆ ಸ್ವಯಂಚಾಲಿತದಲ್ಲಿ ನೀವು ಗುಂಡಿ ಒತ್ತಬೇಕು. ಶಾಲೆಗೆ ಎರಡೂ ಆಗುತ್ತದೆ. ನನ್ನ ಒಲವು ಗುಂಡಿ ಇರುವುದರ ಕಡೆಗೆ. ಗಾಬರಿಗೊಂಡ ಮಕ್ಕಳ ಗುಂಪು ದೂರ ಸರಿದಿದೆಯೇ ಎಂದು ಖಚಿತಪಡಿಸಿಕೊಂಡು ಒತ್ತಬಹುದು.

ಮಾರುವವರನ್ನು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ವೈದ್ಯಕೀಯ ಉಪಕರಣಗಳ ನಿಯಮದಡಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಪರವಾನಗಿ ಇದೆಯೇ? ಮಕ್ಕಳಿಗೆ ಶಾಕ್‌ನ ಪ್ರಮಾಣ ತಗ್ಗಿಸುವ ಪ್ಯಾಡ್ ಅಥವಾ ಕೀಲಿ ಜೊತೆಗೆ ಬರುತ್ತದೆಯೇ? ಪ್ರಾಥಮಿಕ ಶಾಲೆಯಲ್ಲಿ ಇದು ಇರಲೇಬೇಕು. ದೂಳು ಮತ್ತು ನೀರಿನ ತಡೆ ಐಪಿ55 ದರ್ಜೆಯದೇ? ನಮ್ಮ ಮೈದಾನದ ಕೆಂಪು ದೂಳಿಗೂ ಆಗಸ್ಟಿನ ತುಂತುರಿಗೂ ಅದು ಬೇಕು. ಧ್ವನಿ ಸೂಚನೆ ಕನ್ನಡದಲ್ಲಿ ಇದೆಯೇ? ಇಲ್ಲವೆಂದರೆ ಇಂಗ್ಲಿಷ್ ಸೂಚನೆಗಳ ಕನ್ನಡ ಅರ್ಥವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಯಂತ್ರದ ಮುಚ್ಚಳದ ಒಳಗೆ ಅಂಟಿಸಬೇಕು. ಹೊಸ ಪ್ಯಾಡ್ ಮತ್ತು ಬ್ಯಾಟರಿಗೆ ಎಷ್ಟು ಬೆಲೆ, ಮೈಸೂರಿನಲ್ಲೇ ಸಿಗುತ್ತದೆಯೇ, ಎಷ್ಟು ದಿನಕ್ಕೆ ಬರುತ್ತದೆ? ಕೊನೆಯ ಪ್ರಶ್ನೆಯನ್ನು ಹಲವರು ಮರೆಯುತ್ತಾರೆ. ಎರಡು ವರ್ಷದ ನಂತರ ಪ್ಯಾಡ್ ಸಿಗದ ಕಂಪನಿಯ ಅಗ್ಗದ ಯಂತ್ರ ತಂದರೆ ದುಡ್ಡು ನೀರಿಗೆ ಹಾಕಿದಂತೆ. ಯಾರೋ ಬಳಸಿ ಕೊಟ್ಟ ಹಳೆಯ ಯಂತ್ರವನ್ನು ದಾನವಾಗಿ ಕೊಡಲು ಬಂದರೂ ಇದೇ ಪ್ರಶ್ನೆ ಕೇಳಿ.

ಹಂತ 3: ಹಣ

ಸರ್ಕಾರಿ ಶಾಲೆಯ ಅನುದಾನದಲ್ಲಿ ಲಕ್ಷ ರೂಪಾಯಿ ಹೊಂದಿಸುವುದು ಸುಲಭವಲ್ಲ. ಆದರೆ ದಾರಿಗಳಿವೆ. ಹಳೆಯ ವಿದ್ಯಾರ್ಥಿಗಳ ಸಂಘ ಮೊದಲನೆಯದು. ರಂಗಮಂದಿರಕ್ಕೆ, ಕಮಾನಿಗೆ ಕೊಡುವ ದಾನಿಗಳು ಇದಕ್ಕೂ ಕೊಡುತ್ತಾರೆ, ಕೇಳುವವರು ಬೇಕು. ಎರಡನೆಯದು ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆ ನಿಧಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ನಂಜನಗೂಡು, ಹೆಬ್ಬಾಳ, ತೂಬಿನಕೆರೆ, ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶಗಳು ನಮ್ಮ ಪಕ್ಕದಲ್ಲೇ ಇವೆ. ಶಾಸಕರ ನಿಧಿ, ರೋಟರಿ ಮತ್ತು ಲಯನ್ಸ್ ಕ್ಲಬ್‌ಗಳು, ಗ್ರಾಮ ಪಂಚಾಯಿತಿ ಎಲ್ಲರನ್ನೂ ಕೇಳಿ.

ಮನವಿಯಲ್ಲಿ ಯಂತ್ರದ ಬೆಲೆಯ ಜೊತೆಗೆ ಐದು ವರ್ಷದ ಪ್ಯಾಡ್, ಬ್ಯಾಟರಿ ಮತ್ತು ತರಬೇತಿಯ ಖರ್ಚನ್ನೂ ಸೇರಿಸಿ. ಹಳ್ಳಿಯ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪಂಚಾಯಿತಿ ಕಚೇರಿ ಒಂದೇ ಆವರಣದಲ್ಲಿದ್ದರೆ ಮೂವರೂ ಸೇರಿ ಒಂದು ಯಂತ್ರ ಕೊಳ್ಳಬಹುದು. ಖಾಸಗಿ ಶಾಲೆಗಳ ವಿಚಾರದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಸ್ಮಾರ್ಟ್ ಬೋರ್ಡಿಗೆ, ವಾರ್ಷಿಕೋತ್ಸವದ ಬೆಳಕಿನ ವೇದಿಕೆಗೆ ಲಕ್ಷಗಟ್ಟಲೆ ಸುರಿಯುವ ಶಾಲೆಯಲ್ಲಿ ಎಇಡಿ ಇಲ್ಲವೆಂದರೆ ಹೆತ್ತವರು ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಬೇಕು.

ಹಂತ 4: ಎಲ್ಲಿ ಇಡಬೇಕು

ಬೀಗ ಹಾಕದ ಜಾಗದಲ್ಲಿ ಇಡಬೇಕು. ಈ ಹಂತಕ್ಕೆ ಇದಕ್ಕಿಂತ ಹೆಚ್ಚಿನ ಸೂತ್ರವಿಲ್ಲ.

ಬೆಲೆಬಾಳುವ ವಸ್ತುವನ್ನು ಮುಖ್ಯ ಶಿಕ್ಷಕರ ಕೊಠಡಿಯ ಗೋದ್ರೆಜ್ ಬೀರುವಿನಲ್ಲಿ ಭದ್ರವಾಗಿಡುವುದು ನಮ್ಮ ಅಭ್ಯಾಸ. ಕಳುವಾದರೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕಲ್ಲ ಎಂಬ ಭಯ ನಿಜವಾದದ್ದೇ. ಅದಕ್ಕೆ ಪರಿಹಾರ, ಬಾಗಿಲು ತೆರೆದರೆ ಅಲಾರಂ ಹೊಡೆಯುವ ಗೋಡೆಯ ಪೆಟ್ಟಿಗೆ. ಸಮಿತಿಯ ಸಭೆಯಲ್ಲಿ ಯಂತ್ರವನ್ನು ಬೀಗವಿಲ್ಲದೆ ಇಡಲು ಠರಾವು ಮಾಡಿ ದಾಖಲಿಸಿ, ಆಗ ಮುಖ್ಯ ಶಿಕ್ಷಕರೊಬ್ಬರ ಮೇಲೆಯೇ ಹೊಣೆ ಬೀಳುವುದಿಲ್ಲ. ಜಗಲಿಯ ಗೋಡೆ, ಮೈದಾನಕ್ಕೆ ಮುಖ ಮಾಡಿದ ಕಡೆ, ಎಲ್ಲರ ಕಣ್ಣಿಗೆ ಬೀಳುವ ಎತ್ತರ, ನೇರ ಬಿಸಿಲು ಬೀಳದ ನೆರಳು ಸರಿಯಾದ ಜಾಗ. ಹೆಚ್ಚಿನ ಯಂತ್ರಗಳು 50 ಡಿಗ್ರಿಯವರೆಗಿನ ಶಾಖಕ್ಕೆ ತಯಾರಾಗಿರುತ್ತವೆ, ಆದರೆ ಮಾರ್ಚ್ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೋ ನಿಲ್ಲಿಸಿದ ಶಾಲಾ ವಾಹನದೊಳಗೋ ಇಟ್ಟರೆ ಪ್ಯಾಡಿನ ಅಂಟು ಒಣಗುತ್ತದೆ.

ಯಂತ್ರದ ಚೀಲದೊಳಗೆ ಇವೂ ಇರಲಿ: ಬಟ್ಟೆ ಕತ್ತರಿಸುವ ಗಟ್ಟಿ ಕತ್ತರಿ, ಎರಡು ಒಣ ಟವೆಲ್, ಕೈಗವಸು, ಬಾಯಿಯಿಂದ ಉಸಿರು ಕೊಡುವಾಗ ಬಳಸುವ ಮುಖಕವಚ, ಹೆಚ್ಚುವರಿ ಪ್ಯಾಡ್, ಒಂದು ರೇಜರ್.

ಹಂತ 5: ಜನರನ್ನು ತಯಾರು ಮಾಡುವುದು

2011ರ ಸೆಪ್ಟೆಂಬರಿನಲ್ಲಿ ಜಪಾನಿನ ಸೈತಾಮದಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಓಟದ ಅಭ್ಯಾಸ ಮುಗಿಸಿದ ಕೂಡಲೇ ಕುಸಿದಳು. ಶಾಲೆಯಲ್ಲಿ ಎಇಡಿ ಇತ್ತು. ಶಿಕ್ಷಕರು ಸುತ್ತ ಇದ್ದರು. ಅವಳು ಉಸಿರಾಡುತ್ತಿದ್ದಾಳೆ ಎಂದುಕೊಂಡರು, ಯಂತ್ರ ಬಳಸಲಿಲ್ಲ, ಮರುದಿನ ಅವಳು ತೀರಿಕೊಂಡಳು. ಆ ಊರಿನ ಶಿಕ್ಷಣ ಮಂಡಳಿ ಅವಳ ತಾಯ್ತಂದೆಯರ ಜೊತೆ ಕೂತು ಶಿಕ್ಷಕರಿಗಾಗಿ ಹೊಸ ಕೈಪಿಡಿ ಬರೆಯಿತು. ಅದಕ್ಕೆ ಅವಳ ಹೆಸರನ್ನೇ ಇಟ್ಟು ಆಸುಕಾ ಮಾದರಿ ಎಂದು ಕರೆದರು. ಅದರ ತಿರುಳು ಇಷ್ಟೇ: ಉಸಿರಾಟ ಸರಿಯಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಇಲ್ಲವೆಂದೇ ತಿಳಿದು ಶುರು ಮಾಡಿ.

ತರಬೇತಿಗೆ ಮೈಸೂರಿನ ವೈದ್ಯಕೀಯ ಕಾಲೇಜುಗಳನ್ನು, ಮಂಡ್ಯದ ವೈದ್ಯಕೀಯ ಕಾಲೇಜಾದ ಮಿಮ್ಸ್ ಅನ್ನು, ರೆಡ್ ಕ್ರಾಸ್ ಘಟಕವನ್ನು ಪತ್ರ ಬರೆದು ಕೇಳಿ. ಭಾರತೀಯ ಅರಿವಳಿಕೆ ತಜ್ಞರ ಸಂಘದವರು ಸಾಮಾನ್ಯ ಜನರಿಗಾಗಿ ಎದೆ ಒತ್ತುವುದನ್ನಷ್ಟೇ ಕಲಿಸುವ ಕೋಲ್ಸ್ ಎಂಬ ಸರಳ ಕ್ರಮ ರೂಪಿಸಿದ್ದಾರೆ, ನಿಮ್ಮ ಜಿಲ್ಲೆಯ ಅರಿವಳಿಕೆ ವೈದ್ಯರನ್ನು ಅದರ ಬಗ್ಗೆ ವಿಚಾರಿಸಿ. ಪ್ರತಿ ಶಿಕ್ಷಕರೂ ಗೊಂಬೆಯ ಎದೆ ಒತ್ತಿ ಕೈ ನೋಯಿಸಿಕೊಳ್ಳಬೇಕು. ಪರದೆಯ ಮೇಲೆ ತೋರಿಸಿ ಮುಗಿಸುವ ತರಬೇತಿ ಬೇಡ.

ಶಿಕ್ಷಕರಿಗಷ್ಟೇ ನಿಲ್ಲಿಸಬೇಡಿ. ಅಡುಗೆ ಸಿಬ್ಬಂದಿ, ಕಾವಲುಗಾರ, ಶಾಲಾ ವಾಹನದ ಚಾಲಕ ಇವರೇ ಬೆಳಗ್ಗೆ ಮೊದಲು ಬರುವವರು, ಸಂಜೆ ಕೊನೆಗೆ ಹೋಗುವವರು. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ, ಸ್ಕೌಟ್ಸ್ ಮತ್ತು ಗೈಡ್ಸ್ ಹಾಗೂ ಎನ್‌ಸಿಸಿ ತಂಡಗಳಿಗೆ ಕಲಿಸಿ. ನಂತರ ತಿಂಗಳಿಗೊಮ್ಮೆಯಲ್ಲದಿದ್ದರೂ ವರ್ಷದ ಪ್ರತಿ ಶೈಕ್ಷಣಿಕ ಅವಧಿಗೊಮ್ಮೆ ಹೇಳದೆ ಕೇಳದೆ ಒಂದು ಅಣಕು ಅಭ್ಯಾಸ ಮಾಡಿ. ಮೈದಾನದ ಮೂಲೆಯಲ್ಲಿ ಗೊಂಬೆ ಮಲಗಿಸಿ, ಸೀಟಿ ಊದಿ, ಗಡಿಯಾರ ಒತ್ತಿ. ಮೂರು ನಿಮಿಷದೊಳಗೆ ಪ್ಯಾಡ್ ಅಂಟಿತೇ ಎಂಬುದೊಂದೇ ಅಂಕ.

ಹಂತ 6: ಮಗು ಕುಸಿದ ಕ್ಷಣದಿಂದ

ಈ ಭಾಗವನ್ನು ಮುದ್ರಿಸಿ ಯಂತ್ರದ ಪಕ್ಕ ಹಾಕಬಹುದು.

ಮೊದಲು ಮಾಡಬಾರದ್ದು. ನಮ್ಮ ಕಡೆ ಯಾರಾದರೂ ಬಿದ್ದು ಕೈಕಾಲು ಅದುರಿದರೆ ಫಿಟ್ಸ್ ಎಂದು ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ತುರುಕುತ್ತಾರೆ, ಮುಖಕ್ಕೆ ನೀರು ಎರಚುತ್ತಾರೆ, ಬಾಯಿಗೆ ಸೋಡಾ ಹೊಯ್ಯುತ್ತಾರೆ, ಈರುಳ್ಳಿ ಮೂಸಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಆ ಎರಡು ನಿಮಿಷವೇ ಮಗುವಿನ ಪ್ರಾಣ. ಹೃದಯ ನಿಂತಾಗಲೂ ಕೆಲವು ಸೆಕೆಂಡು ಕೈಕಾಲು ಅದುರುತ್ತವೆ. ಬಾಯಿ ಕಳೆದು ಎಳೆದೆಳೆದು ಮೇಲುಸಿರು ಬಿಡಬಹುದು, ಗೊರಗೊರ ಸದ್ದು ಬರಬಹುದು. ಅದು ಉಸಿರಾಟವಲ್ಲ.

ಆದ್ದರಿಂದ ಭುಜ ತಟ್ಟಿ ಗಟ್ಟಿಯಾಗಿ ಕೂಗಿ. ಉತ್ತರವಿಲ್ಲದಿದ್ದರೆ ಎದೆ ನೋಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ನೋಡಬೇಡಿ. ಎದೆ ಕ್ರಮವಾಗಿ ಏರಿಳಿಯದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಬೆಳಗಿನ ಪ್ರಾರ್ಥನೆಯಲ್ಲಿ ತಿಂಡಿ ತಿನ್ನದೆ ಬಂದು ತಲೆಸುತ್ತಿ ಬೀಳುವ ಮಗು ಸರಿಯಾಗಿ ಉಸಿರಾಡುತ್ತಿರುತ್ತದೆ, ಮಲಗಿಸಿದರೆ ಬೇಗನೆ ಕಣ್ಣು ಬಿಡುತ್ತದೆ. ಓಡುತ್ತಿರುವಾಗಲೋ ಎದೆಗೆ ಚೆಂಡು ಬಿದ್ದ ಮೇಲೋ ಕುಸಿದ ಮಗುವಿನ ವಿಷಯದಲ್ಲಿ ಕಾದು ನೋಡುವ ಮಾತೇ ಇಲ್ಲ.

ಹೆಸರು ಹಿಡಿದು ಕೆಲಸ ಹಂಚಿ. ಯಾರಾದರೂ ಫೋನ್ ಮಾಡಿ ಎಂದರೆ ಯಾರೂ ಮಾಡುವುದಿಲ್ಲ. ರವಿ, ನೀನು 108ಕ್ಕೆ ಕರೆ ಮಾಡು, ಸ್ಪೀಕರ್ ಹಾಕಿಕೊಂಡು ಇಲ್ಲೇ ನಿಲ್ಲು. ಲಕ್ಷ್ಮಿ, ನೀನು ಎಇಡಿ ತಾ. ಮಂಜು, ಗೇಟು ತೆರೆಸಿ ರಸ್ತೆಗೆ ಹೋಗಿ ಆಂಬುಲೆನ್ಸಿಗೆ ದಾರಿ ತೋರಿಸು.

ಕೂಡಲೇ ಎದೆ ಒತ್ತಲು ಶುರು ಮಾಡಿ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಅಂಗೈಯ ಬುಡವನ್ನು ಎದೆಯೆಲುಬಿನ ಕೆಳ ಅರ್ಧದ ಮೇಲಿಟ್ಟು, ಮತ್ತೊಂದು ಕೈಯನ್ನು ಅದರ ಮೇಲಿಟ್ಟು, ಮೊಣಕೈ ಮಡಿಸದೆ ನಿಮ್ಮ ಮೈಭಾರದಿಂದ ಒತ್ತಿ. ಹದಿಹರೆಯದವರಿಗೆ ಐದರಿಂದ ಆರು ಸೆಂಟಿಮೀಟರ್ ಆಳ, ಚಿಕ್ಕ ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ, ಅಂದರೆ ಸುಮಾರು ಐದು ಸೆಂಟಿಮೀಟರ್. ಪುಟ್ಟ ಮಗುವಾದರೆ ಒಂದೇ ಕೈ ಸಾಕು. ನಿಮಿಷಕ್ಕೆ 100ರಿಂದ 120 ಬಾರಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಉಸಿರು ಕೊಡಲು ಕಲಿತವರು 30 ಬಾರಿ ಒತ್ತಿ 2 ಬಾರಿ ಉಸಿರು ಕೊಡಿ, ಕಲಿಯದವರು ಒತ್ತುತ್ತಲೇ ಇರಿ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಏಕೆಂದರೆ ದಣಿದ ಕೈ ಆಳಕ್ಕೆ ಹೋಗುವುದಿಲ್ಲ.

ಯಂತ್ರ ಬಂದ ಕೂಡಲೇ ಅದನ್ನು ಚಾಲೂ ಮಾಡಿ. ಒತ್ತುವವರು ಒತ್ತುತ್ತಲೇ ಇರಲಿ. ಇನ್ನೊಬ್ಬರು ಅಂಗಿ ಕತ್ತರಿಸಿ ತೆಗೆಯಿರಿ. ಕಬಡ್ಡಿ ಆಡಿದ ಮಗುವಿನ ಮೈಮೇಲೆ ಬೆವರು ಮತ್ತು ಮಣ್ಣು ಮೆತ್ತಿರುತ್ತದೆ, ಪ್ಯಾಡ್ ಹಿಡಿಯುವುದಿಲ್ಲ. ಟವೆಲ್‌ನಿಂದ ಒತ್ತಿ ಒರೆಸಿ. ತಾಯಿತ, ಸರ ಇದ್ದರೆ ಪಕ್ಕಕ್ಕೆ ಸರಿಸಿ. ಒಂದು ಪ್ಯಾಡ್ ಬಲಗಡೆಯ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನಿಂದ ಸ್ವಲ್ಪ ಕೆಳಗೆ ಪಕ್ಕೆಯ ಮೇಲೆ. ಪ್ಯಾಡಿನ ಮೇಲೆಯೇ ಚಿತ್ರ ಇರುತ್ತದೆ. ಎಂಟು ವರ್ಷಕ್ಕಿಂತ ಚಿಕ್ಕವರು ಅಥವಾ 25 ಕಿಲೋಗಿಂತ ಕಡಿಮೆ ತೂಕದವರಾದರೆ ಮಕ್ಕಳ ಪ್ಯಾಡ್ ಹಾಕಿ, ಅದಿಲ್ಲದಿದ್ದರೆ ದೊಡ್ಡವರ ಪ್ಯಾಡನ್ನೇ ಒಂದು ಎದೆಯ ನಡುವೆ, ಮತ್ತೊಂದು ಬೆನ್ನಿನ ನಡುವೆ ಅಂಟಿಸಿ.

ಹುಡುಗಿಯಾದರೆ ಅಂಗಿ ಕತ್ತರಿಸಲು ಕೈ ಹಿಂಜರಿಯುತ್ತದೆ. ಈ ಹಿಂಜರಿಕೆಯನ್ನು ತರಬೇತಿಯಲ್ಲೇ ಬಾಯಿಬಿಟ್ಟು ಮಾತನಾಡಿ ಕಳೆಯಬೇಕು. ಚರ್ಮಕ್ಕೆ ಪ್ಯಾಡ್ ಅಂಟುವಷ್ಟು ಬಟ್ಟೆ ಸರಿಸಿದರೆ ಸಾಕು. ಉಳಿದ ಹುಡುಗಿಯರು ದುಪಟ್ಟಾ ಹಿಡಿದು, ಬೆನ್ನು ಒಳಗೆ ಮಾಡಿ, ಸುತ್ತ ಆವರಣ ಕಟ್ಟಲಿ. ಮೊಬೈಲ್‌ನಲ್ಲಿ ಚಿತ್ರೀಕರಿಸುವವರನ್ನು ದೂರ ಕಳಿಸುವುದೂ ಅವರದೇ ಕೆಲಸ.

ಇನ್ನು ಯಂತ್ರ ಹೇಳಿದಂತೆ ಕೇಳಿ. ಪರೀಕ್ಷಿಸುತ್ತಿದ್ದೇನೆ ಎಂದಾಗ ಯಾರೂ ಮುಟ್ಟಬೇಡಿ. ಶಾಕ್ ಬೇಕು ಎಂದರೆ ಎಲ್ಲರೂ ದೂರ ಎಂದು ಕೂಗಿ, ತಲೆಯಿಂದ ಕಾಲಿನವರೆಗೆ ಕಣ್ಣಾಡಿಸಿ, ಮಿನುಗುವ ಗುಂಡಿ ಒತ್ತಿ. ಶಾಕ್ ಬೇಡ ಎಂದರೆ ಮಗು ಚೇತರಿಸಿಕೊಂಡಿದೆ ಎಂದು ಅರ್ಥವಲ್ಲ. ಮಗು ಸರಿಯಾಗಿ ಉಸಿರಾಡದಿದ್ದರೆ ಎರಡೂ ಸಂದರ್ಭದಲ್ಲಿ ಆ ಕ್ಷಣವೇ ಎದೆ ಒತ್ತುವುದನ್ನು ಮುಂದುವರಿಸಿ. ಎರಡು ನಿಮಿಷಕ್ಕೊಮ್ಮೆ ಯಂತ್ರ ಮತ್ತೆ ಪರೀಕ್ಷಿಸುತ್ತದೆ. ಮಗು ತಾನಾಗಿ ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್ ಸಿಬ್ಬಂದಿ ವಹಿಸಿಕೊಳ್ಳುವವರೆಗೆ ನಿಲ್ಲಿಸಬೇಡಿ. ಕಣ್ಣು ಬಿಟ್ಟರೂ ಪ್ಯಾಡ್ ಕೀಳಬೇಡಿ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ತಪ್ಪಾಗಿ ಶಾಕ್ ಕೊಟ್ಟು ಮಗುವಿಗೆ ಏನಾದರೂ ಆದರೆ? ಹೃದಯದ ಲಯವನ್ನು ಯಂತ್ರವೇ ಓದುತ್ತದೆ. ಶಾಕ್ ಬೇಕಾದ ಲಯವಲ್ಲದಿದ್ದರೆ ನೀವು ಗುಂಡಿ ಒತ್ತಿದರೂ ಅದು ಶಾಕ್ ಕೊಡುವುದಿಲ್ಲ. ತಲೆಸುತ್ತಿ ಬಿದ್ದ ಮಗುವಿಗೆ ಪ್ಯಾಡ್ ಅಂಟಿಸಿಬಿಟ್ಟರೆ ನಷ್ಟವೇನೂ ಇಲ್ಲ.

ಎರಡು ವಿಶೇಷ ಸಂದರ್ಭಗಳು. ಕಾವೇರಿ, ವಿಶ್ವೇಶ್ವರಯ್ಯ ನಾಲೆ, ಈಜುಕೊಳದಲ್ಲಿ ಮುಳುಗಿದ ಮಗುವಿಗೆ ಮೊದಲು ಬೇಕಾದದ್ದು ಗಾಳಿ. ಬಾಯಿಯಿಂದ ಉಸಿರು ಕೊಟ್ಟು ನಂತರ ಎದೆ ಒತ್ತಿ, ಮೈ ಒರೆಸಿ ಪ್ಯಾಡ್ ಹಾಕಿ. ವಿದ್ಯುತ್ ತಗುಲಿ ಬಿದ್ದವರನ್ನು ಮೇನ್ ಸ್ವಿಚ್ ಆರಿಸುವ ಮೊದಲು ಮುಟ್ಟಬೇಡಿ.

ಹಂತ 7: ಶಾಲೆಯ ಹೊರಗಿನ ಆಟ

ಯಂತ್ರ ಗೋಡೆಯ ಮೇಲಿದ್ದು ಮಕ್ಕಳು ಮೂವತ್ತು ಕಿಲೋಮೀಟರ್ ದೂರದ ಕ್ರೀಡಾಕೂಟದಲ್ಲಿದ್ದರೆ ಏನು ಪ್ರಯೋಜನ? ಪ್ರತಿ ತಾಲ್ಲೂಕಿನ ದೈಹಿಕ ಶಿಕ್ಷಣ ಪರಿವೀಕ್ಷಕರ ಕಚೇರಿಯಲ್ಲಿ ಕ್ರೀಡಾಕೂಟಗಳಿಗೆ ಸುತ್ತುವ ಒಂದು ಯಂತ್ರ ಇರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಆತಿಥ್ಯ ವಹಿಸುವ ಶಾಲೆಗೆ ಪೆಂಡಾಲ್, ಊಟ, ಪದಕಗಳ ಪಟ್ಟಿ ಕೊಡುವ ಸುತ್ತೋಲೆಯಲ್ಲೇ ಎಇಡಿ ಎಲ್ಲಿರುತ್ತದೆ, ಯಾರ ಬಳಿ ಇರುತ್ತದೆ ಎಂಬ ಸಾಲೂ ಸೇರಲಿ. ಬೆಳಗಿನ ಉದ್ಘಾಟನಾ ಭಾಷಣದ ನಂತರ ಮೈಕಿನಲ್ಲಿ ಅದನ್ನು ಒಮ್ಮೆ ಹೇಳಿ.

ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣ, ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಂಥ ದೊಡ್ಡ ಜಾಗಗಳಿಗೆ ತಂಡ ಕರೆದುಕೊಂಡು ಹೋದಾಗ ಮೊದಲ ಐದು ನಿಮಿಷದಲ್ಲೇ ಕಚೇರಿಗೆ ಹೋಗಿ ಯಂತ್ರದ ಬಗ್ಗೆ ವಿಚಾರಿಸಿ. ದೊಡ್ಡ ಆವರಣದಲ್ಲಿ ಯಾವ ಗೇಟಿನಿಂದ ಆಂಬುಲೆನ್ಸ್ ಒಳಬರುತ್ತದೆ ಎಂಬುದನ್ನೂ ತಿಳಿದಿಟ್ಟುಕೊಳ್ಳಿ. ಖಾಸಗಿ ಕ್ರಿಕೆಟ್ ಅಕಾಡೆಮಿಗೆ ಮಗುವನ್ನು ಸೇರಿಸುವ ಹೆತ್ತವರು ಶುಲ್ಕ ಕಟ್ಟುವ ಮೊದಲು ಇದೇ ಪ್ರಶ್ನೆ ಕೇಳಬೇಕು.

ಹಂತ 8: ನಿರ್ವಹಣೆ

ಇದು ಸಣ್ಣ ಕೆಲಸ, ಮರೆತರೆ ಎಲ್ಲವೂ ವ್ಯರ್ಥ. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಹಸಿರು ದೀಪ ಅಥವಾ ಗುರುತು ತೋರಿಸುತ್ತದೆ. ದಿನಾ ಬೆಳಗ್ಗೆ ಬಾವುಟದ ಕಂಬದ ಬಳಿ ಹೋಗುವ ಶಿಕ್ಷಕರು ಆ ದೀಪದ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ತಿಂಗಳಿಗೊಮ್ಮೆ ಪುಸ್ತಕದಲ್ಲಿ ಸಹಿ ಮಾಡಿ. ಪ್ಯಾಡ್ ಸುಮಾರು ಎರಡು ವರ್ಷ, ಬ್ಯಾಟರಿ ನಾಲ್ಕೈದು ವರ್ಷ ಬಾಳುತ್ತವೆ. ಮುಕ್ತಾಯದ ದಿನಾಂಕವನ್ನು ಪೆಟ್ಟಿಗೆಯ ಹೊರಗೆ ದೊಡ್ಡದಾಗಿ ಬರೆಯಿರಿ. ಮುಖ್ಯ ಶಿಕ್ಷಕರಿಗೆ ವರ್ಗಾವಣೆಯಾದರೆ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಈ ದಿನಾಂಕವೂ ಹೋಗಬೇಕು.

ಮುನ್ನೆಚ್ಚರಿಕೆಯ ತಪಾಸಣೆ

2025ರ ಬೇಸಿಗೆಯ ಕೊನೆಯಲ್ಲಿ ಹಾಸನದಿಂದ ಹೃದಯ ಸಂಬಂಧಿ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಜುಲೈನಲ್ಲಿ ರಾಜ್ಯ ಸರ್ಕಾರ ಹದಿನೈದು ವರ್ಷದ ಶಾಲಾ ಮಕ್ಕಳ ಹೃದಯ ತಪಾಸಣೆಯ ಮಾತನ್ನೂ ಆಡಿತು. ಭಯದಿಂದ ಸಾಲು ನಿಲ್ಲುವುದಕ್ಕಿಂತ ಕ್ರೀಡಾಪಟುಗಳ ಹೆತ್ತವರನ್ನು ಶಾಲೆಯೇ ನಾಲ್ಕು ಪ್ರಶ್ನೆ ಕೇಳುವುದು ಹೆಚ್ಚು ಉಪಯುಕ್ತ. ಮಗು ಆಡುವಾಗ ಎಂದಾದರೂ ಪ್ರಜ್ಞೆ ತಪ್ಪಿದೆಯೇ? ಓಡುವಾಗ ಎದೆನೋವು ಬರುತ್ತದೆಯೇ? ಎದೆ ಕಾರಣವಿಲ್ಲದೆ ಹೊಡೆದುಕೊಳ್ಳುತ್ತದೆಯೇ? ಮನೆಯಲ್ಲಿ ಯಾರಾದರೂ ಐವತ್ತಕ್ಕಿಂತ ಮೊದಲು ಹಠಾತ್ತನೆ ತೀರಿಕೊಂಡಿದ್ದಾರೆಯೇ? ಒಂದಕ್ಕೆ ಹೌದು ಎಂದರೂ ಇಸಿಜಿ ತೆಗೆಸಿ, ಹೃದಯ ತಜ್ಞರು ಹೇಳುವವರೆಗೆ ಮೈದಾನಕ್ಕೆ ಇಳಿಸಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಈ ಮಕ್ಕಳ ಪಟ್ಟಿಯನ್ನು ಕೈಗೆ ಕೊಡಿ. ಜ್ವರ ಬಿಟ್ಟ ಮರುದಿನವೇ ಓಟಕ್ಕೆ ಕರೆಯುವ ಪದ್ಧತಿಯನ್ನೂ ನಿಲ್ಲಿಸಬೇಕು. ತಪಾಸಣೆಯಿಂದ ಎಲ್ಲವೂ ಗೊತ್ತಾಗುವುದಿಲ್ಲ, ಎದೆಗೆ ಬೀಳುವ ಚೆಂಡಿಗಂತೂ ಯಾವ ತಪಾಸಣೆಯೂ ಇಲ್ಲ. ಹಾಗಾಗಿ ಇದು ಯಂತ್ರಕ್ಕೆ ಪರ್ಯಾಯವಲ್ಲ.

ಬಳಸಿದ ನಂತರ

ಯಂತ್ರದ ಒಳಗೆ ಮಗುವಿನ ಹೃದಯದ ಲಯ ದಾಖಲಾಗಿರುತ್ತದೆ. ಅದು ಆಸ್ಪತ್ರೆಯ ವೈದ್ಯರಿಗೆ ಅಮೂಲ್ಯ, ಆದ್ದರಿಂದ ಯಂತ್ರವನ್ನು ಒರೆಸಿ ಮತ್ತೆ ಗೋಡೆಗೆ ಹಾಕುವ ಮೊದಲು ಕಂಪನಿಯವರಿಂದ ಆ ದಾಖಲೆ ತೆಗೆಸಿ ಕೊಡಿ. ಕುಟುಂಬದ ಅಣ್ಣ, ತಂಗಿಯರಿಗೂ ಹೃದಯ ತಪಾಸಣೆ ಮಾಡಿಸಲು ಹೇಳಿ. ಹಲವು ದೋಷಗಳು ವಂಶದಲ್ಲಿ ಹರಿಯುತ್ತವೆ. ಮಗು ಉಳಿಯದಿದ್ದರೆ ಶವಪರೀಕ್ಷೆ ಬೇಡ ಎನ್ನುವ ಮನೆಯವರಿಗೆ, ಉಳಿದ ಮಕ್ಕಳ ಸಲುವಾಗಿ ಅದು ಏಕೆ ಬೇಕು ಎಂದು ಹಿರಿಯ ಶಿಕ್ಷಕರೊಬ್ಬರು ಮೆತ್ತಗೆ ತಿಳಿಸಬೇಕು.

ಎದೆ ಒತ್ತಿದ ವಿದ್ಯಾರ್ಥಿ, ಯಂತ್ರ ತಂದ ವಿದ್ಯಾರ್ಥಿನಿ, ಸುತ್ತ ನಿಂತು ನೋಡಿದ ಮಕ್ಕಳು ಇವರನ್ನು ಅದೇ ವಾರ ಕೂರಿಸಿ ಮಾತನಾಡಿಸಿ. ಫಲ ಏನೇ ಆಗಿರಲಿ, ಅವರು ಮಾಡಿದ್ದು ಸರಿ ಎಂದು ಶಾಲೆಯ ಮುಂದೆ ಹೇಳಿ. ರಾತ್ರಿ ನಿದ್ದೆ ಬಾರದ, ಮೈದಾನಕ್ಕೆ ಬರಲು ಹೆದರುವ ಮಕ್ಕಳಿದ್ದರೆ ಆಪ್ತಸಮಾಲೋಚಕರ ಬಳಿ ಕಳುಹಿಸಿ. ಪ್ಯಾಡ್ ಒಮ್ಮೆ ಬಳಸಿದರೆ ಮುಗಿಯಿತು. ಚೀಲದಲ್ಲಿದ್ದ ಹೆಚ್ಚುವರಿ ಪ್ಯಾಡನ್ನು ಆ ಸಂಜೆಯೇ ಯಂತ್ರಕ್ಕೆ ಜೋಡಿಸಿ, ಹಸಿರು ದೀಪ ನೋಡಿ ಗೋಡೆಗೆ ಹಾಕಿ, ಹೊಸ ಪ್ಯಾಡಿಗೆ ಮರುದಿನ ಬೆಳಗ್ಗೆಯೇ ಆರ್ಡರ್ ಕೊಡಿ. ಹೆಚ್ಚುವರಿ ಇಲ್ಲದಿದ್ದರೆ ಹೊಸದು ಬರುವವರೆಗೆ ಓಟದ ಅಭ್ಯಾಸವನ್ನೂ ಪಂದ್ಯಗಳನ್ನೂ ಮುಂದಕ್ಕೆ ಹಾಕಿ.